ಮಡಚಿಟ್ಟ ತಾಡಪತ್ರಿ

ತೊಯ್ದಾಗಲೇ ಮಡಚಿಟ್ಟ ತಾಡಪತ್ರಿಯನ್ನು ಮರುವರ್ಷ ಬಿಚ್ಚಿದರೆ ಅದಕ್ಕೊಂದು ವಾಸನೆ ಇರುತ್ತದೆ. ಹಳೆಯ ನೀರು, ಇಲಿ ಹಿಕ್ಕೆ, ಬಿಸಿಲಿಗೆ ಕಾದ ಪ್ಲಾಸ್ಟಿಕ್ಕು ಎಲ್ಲ ಕೂಡಿದ ವಾಸನೆ. ಕಳೆದ ವಾರ ಅಣ್ಣಿಗೇರಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಹೆಸರುಕಾಳು ಒಣಹಾಕಿದ್ದೆವು. ಧಾರವಾಡ ಜಿಲ್ಲೆಗೆ ಭಾರಿ ಮಳೆ, ಯೆಲ್ಲೋ ಅಲರ್ಟ್ ಎಂದು ಟಿವಿಯ ಹುಡುಗಿ ಕೈ ಬೀಸಿ ಹೇಳಿದ್ದೇ ತಡ, ನಮ್ಮ ಮನೆಯವರು ಅಟ್ಟದ ಮೇಲಿನ ನೀಲಿ ತಾಡಪತ್ರಿ ಕೆಳಗೆಳೆದರು. ಒಂದೊಂದೇ ಮಡಿಕೆ ಬಿಚ್ಚುತ್ತಿದ್ದಂತೆ ಆ ವಾಸನೆ ಮೂಗಿಗೆ ಬಂತು. ನನಗೆ ತವರೂರಿನ ಹಂದರದ ಚಾಚಾ ನೆನಪಾದರು. ಅವರು ನೆನಪಾದಾಗಲೆಲ್ಲ ಆಗುವಂತೆ ಅವತ್ತೂ ನನಗೆ ನಾಚಿಕೆಯಾಯಿತು.

ಟಿವಿಯ ನಕಾಶೆಯಲ್ಲಿ ಧಾರವಾಡ ಅಂದರೆ ಒಂದೇ ಚುಕ್ಕೆ. ಅದರ ಮೇಲೆ ಒಂದು ಮೋಡವನ್ನೋ ಒಂದು ಸೂರ್ಯನನ್ನೋ ಅಂಟಿಸಿಬಿಟ್ಟರೆ ಅವರ ಕೆಲಸ ಮುಗಿಯಿತು. ಆ ಚುಕ್ಕೆಯೊಳಗೆ ನನ್ನ ತವರು ದೇವಿಕೊಪ್ಪವೂ ಇದೆ, ಕಾಡಿನ ಅಂಚಿನಲ್ಲಿ, ಭತ್ತದ ಗದ್ದೆಗಳ ನಡುವೆ. ಗಂಡನ ಮನೆ ಅಣ್ಣಿಗೇರಿಯೂ ಇದೆ, ಕಣ್ಣು ಹಾಯುವಷ್ಟು ದೂರ ಬರೀ ಎರೆಹೊಲ. ಒಂದೇ ದಿನ ಅಲ್ಲಿಯವರು ಕೊಡೆ ಹಿಡಿದಿರುತ್ತಾರೆ, ಇಲ್ಲಿಯವರು ಧೂಳು ಜಾಡಿಸುತ್ತಿರುತ್ತಾರೆ. ಟಿವಿ ಏನೇ ಹೇಳಲಿ, ಇಬ್ಬರಲ್ಲಿ ಒಬ್ಬರಿಗೆ ಅದು ಸುಳ್ಳೇ. ಈಗ ಇದನ್ನು ನಗುತ್ತ ಹೇಳುತ್ತೇನೆ. ನನ್ನ ಮದುವೆಯ ಹೊತ್ತಿಗೆ ಈ ಬುದ್ಧಿ ಇರಲಿಲ್ಲ.

ಚಾಚಾ ನಮ್ಮ ಓಣಿಯ ಕೊನೆಯ ಮನೆಯವರು. ಊರಲ್ಲಿ ಮದುವೆಯಿರಲಿ, ಬಸುರಿಯ ಕುಬಸವಿರಲಿ, ಯಾರದೋ ಭಾಷಣವಿರಲಿ, ಗಳ ನೆಟ್ಟು, ಬಟ್ಟೆ ಕಟ್ಟಿ, ಕುರ್ಚಿ ಹಾಕಿಕೊಡುವವರು ಅವರೇ. ಸಿಟ್ಟಿನ ಮನುಷ್ಯ. ಮಡಚಿಟ್ಟ ಬಟ್ಟೆಯನ್ನು ಯಾರಾದರೂ ತುಳಿದರೆ ಮದುಮಗನೆಂದೂ ನೋಡದೆ ಬೈಯುತ್ತಿದ್ದರು. ಹಂದರದ ಒಳಮೈಗೆ ಗುಲಾಬಿ ಮತ್ತು ಬಿಳಿ ಬಟ್ಟೆಯನ್ನು ನೆರಿಗೆ ಹಿಡಿದು ಕಟ್ಟುವುದೆಂದರೆ ಅವರಿಗೆ ಬಲು ಹೆಮ್ಮೆ. ಕಟ್ಟಿ ಮುಗಿದ ಮೇಲೆ ಹಂದರದ ನಟ್ಟನಡುವೆ ಅಂಗಾತ ಮಲಗಿ ಮೇಲೆ ನೋಡುವರು. ಎಲ್ಲಾದರೂ ಒಂದು ನೆರಿಗೆ ಹೆಚ್ಚುಕಡಿಮೆ ಕಂಡರೆ ಮತ್ತೆ ಏಣಿ ಹತ್ತುವರು.

ಅವರಿಗಿದ್ದ ಇನ್ನೊಂದು ಚಟವೆಂದರೆ ಮಳೆಯದು. "ಇವತ್ತ ಮಳಿ ಬರ್ತದ" ಎನ್ನದೆ ಅವರು ಒಂದು ಗಳವನ್ನೂ ನೆಟ್ಟವರಲ್ಲ. ಸುಗ್ಗಿಯ ಬಿಸಿಲಲ್ಲೂ ಅದೇ ಮಾತು, ಚಳಿಗಾಲದಲ್ಲೂ ಅದೇ ಮಾತು. ಮಳೆ ಮಾತ್ರ ಬರುತ್ತಿರಲಿಲ್ಲ. ತಾಡಪತ್ರಿಗೆ ಬೇರೆಯೇ ಬಾಡಿಗೆ ಇತ್ತಲ್ಲ, ಅದಕ್ಕೇ ಚಾಚಾ ಮೋಡವಿಲ್ಲದೆ ಮಳೆ ಸುರಿಸುತ್ತಾರೆ ಎಂದು ಊರವರು ಕಾಡಿಸುತ್ತಿದ್ದರು. ಅವರೂ ನಕ್ಕು, ಯಾವತ್ತಾದರೊಂದು ದಿನ ನನ್ನ ಮಾತು ನಿಜವಾಗುತ್ತದೆ ನೋಡಿರಿ ಅನ್ನುತ್ತಿದ್ದರು. ಆ ಒಂದು ದಿನ ನನ್ನ ಮದುವೆಯ ದಿನವೇ ಆಗಬೇಕೇ...

ನನಗೆ ತಾಡಪತ್ರಿ ಬೇಡವಾಗಿದ್ದಕ್ಕೆ ಕಾರಣ ಹೇಳಲೂ ಈಗ ಮುಜುಗರ. ಹಿಂದಿನ ವರ್ಷ ಗೆಳತಿಯೊಬ್ಬಳ ಮದುವೆಯಾಗಿತ್ತು. ಅವಳ ಹಂದರದ ಮೇಲೆ ನೀಲಿ ತಾಡಪತ್ರಿ ಎಳೆದಿದ್ದರು. ಬಿಸಿಲು ಅದರೊಳಗಿಂದ ಸೋಸಿ ಬಂದು, ಫೋಟೋದಲ್ಲಿ ಮದುಮಕ್ಕಳಿಬ್ಬರೂ ಬಯಲಾಟದ ಕೃಷ್ಣನ ವೇಷ ಹಾಕಿದವರಂತೆ ನೀಲಿಯಾಗಿದ್ದರು. ಅವಳು ಆಲ್ಬಮ್ ಮುಂದಿಟ್ಟುಕೊಂಡು ಅತ್ತದ್ದನ್ನು ನಾನು ನೋಡಿದ್ದೆ. ನನ್ನ ಫೋಟೋ ಹಾಗಾಗಬಾರದು, ಇಷ್ಟೇ ನನ್ನ ಹಟ. ಹಿಂದಿನ ಸಂಜೆ ವಾರ್ತೆ ಮುಗಿದ ಮೇಲೆ ಉತ್ತರ ಒಳನಾಡಿನಲ್ಲಿ ಒಣ ಹವೆ ಎಂದು ಟಿವಿಯಲ್ಲಿ ಹೇಳಿದರು. ನನಗೆ ದೇವರೇ ಬಂದು ಹೇಳಿದಷ್ಟು ಸಮಾಧಾನವಾಯಿತು.

ಮದುವೆಯ ಮುಂಜಾನೆ ಅರಿಸಿನ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದೆ. ಚಾಚಾ ಏಣಿ ಇಳಿದು ಬಂದು, "ಯವ್ವಾ, ತಾಡಪತ್ರಿ ತಂದೇನಿ, ಗಾಡ್ಯಾಗ ಐತಿ. ಮ್ಯಾಲೆ ಎಳದ ಬಿಡ್ಲೇನು? ಇವತ್ತ ಮಳಿ ಬರ್ತದ" ಅಂದರು. ಸುತ್ತಲಿದ್ದ ಹೆಂಗಸರು ಗೊಳ್ಳೆಂದರು.

"ಟಿವ್ಯಾಗ ಒಣಾ ಹವಾ ಅಂದಾರ್ರಿ ಚಾಚಾ. ಬ್ಯಾಡ್ರಿ, ಮಾರಿ ಎಲ್ಲಾ ನೀಲಿ ಕಾಣ್ತಾವ" ಅಂದೆ.

ಅವರು ಅಪ್ಪನ ಮುಖ ನೋಡಿದರು. ಅಪ್ಪನಿಗೂ ಆಕಾಶದ ಮೇಲೆ ಅಷ್ಟು ಭರವಸೆ ಇದ್ದಂತಿರಲಿಲ್ಲ. ಆದರೆ ಮನೆ ಬಿಟ್ಟು ಹೊರಟ ಮಗಳ ಮಾತನ್ನು ಆ ಹೊತ್ತಿನಲ್ಲಿ ಯಾವ ತಂದೆ ತಳ್ಳಿಹಾಕುತ್ತಾನೆ, ಅವಳು ಹೇಳಿದಂತೆಯೇ ಆಗಲಿ ಅಂದರು. ಚಾಚಾ ತಲೆಯೆತ್ತಿ ತಾವೇ ಹಿಡಿದ ನೆರಿಗೆಗಳನ್ನು ನೋಡಿದರು. ತಾಡಪತ್ರಿ ಎಳೆದರೆ ಆ ಗುಲಾಬಿಯೂ ಮಂಕಾಗುತ್ತದೆಂದು ಅವರಿಗೂ ಅನ್ನಿಸಿರಬೇಕು. ತಾಡಪತ್ರಿ ಮನೆಯೆದುರಿನ ಶಾಲೆಯ ಗೋಡೆಯ ಪಕ್ಕ ನಿಲ್ಲಿಸಿದ್ದ ಅವರ ಟೆಂಪೋದಲ್ಲೇ ಉಳಿಯಿತು.

ಅಕ್ಕಿಕಾಳು ಬಿದ್ದಾಗ ಚುರುಚುರು ಬಿಸಿಲಿತ್ತು. ಫೋಟೋಗಳೂ ಚೆನ್ನಾಗಿ ಬಂದವು, ಈಗಲೂ ಚೆನ್ನಾಗಿಯೇ ಇವೆ. ಬೀಗರ ಪಂಕ್ತಿ ಊಟಕ್ಕೆ ಕೂತು, ಗೋದಿ ಹುಗ್ಗಿಯ ಮೇಲೆ ತುಪ್ಪ ಹಾಕುತ್ತ ಬರುವ ಹೊತ್ತಿಗೆ ಕಾಡಿನ ಕಡೆಯಿಂದ ಗಾಳಿ ಎದ್ದಿತು. ಅದರ ಬೆನ್ನಿಗೇ ಮಳೆ. ಹನಿ, ತುಂತುರು ಎಂಬ ಪೀಠಿಕೆಯೇ ಇಲ್ಲ. ಚಾಚಾನ ನೆರಿಗೆಯ ಬಟ್ಟೆ ನೀರು ಕುಡಿದು ಎಮ್ಮೆಯ ಕೆಚ್ಚಲಿನಂತೆ ಜೋತುಬಿತ್ತು. ಒಂದು ಗಂಟು ಬಿಚ್ಚಿ, ಅಷ್ಟೂ ನೀರು ಗಂಡಿನ ಸೋದರಮಾವನ ತಲೆಯ ಮೇಲೆ, ಎಲೆಯ ಮೇಲೆ ಸುರಿಯಿತು. ಬಟ್ಟೆಯ ಬಣ್ಣ ಬಿಟ್ಟು ಹುಗ್ಗಿ ಗುಲಾಬಿಯಾಯಿತು.

ಅವರು ಎಲೆ ಬಿಟ್ಟು ಎದ್ದರು. ಅವರ ಹಿಂದೆ ಇಡೀ ಪಂಕ್ತಿ ಎದ್ದಿತು. ಉಣ್ಣುವ ಎಲೆ ಬಿಟ್ಟು ಬೀಗರು ಎದ್ದರೆಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ತಾಡಪತ್ರಿ ಹಾಕಿಸುವಷ್ಟೂ ನಾವು ಬೇಡವಾದೆವೇ, ಬೀಗರೆಂದರೆ ಇಷ್ಟೇಯೇ ಎಂದು ಸೋದರಮಾವ ಅಪ್ಪನ ಮುಂದೆ ನಿಂತು ಕೂಗಿದರು. ಹುಡುಗಿ ಇಲ್ಲೇ ಇರಲಿ, ನಾವು ಹೊರಟೆವು ಎಂದು ಜೀಪಿನವನಿಗೆ ಹೇಳಿ ಕಳಿಸಿದರು. ಅಪ್ಪ ಮಳೆಯಲ್ಲೇ ಕೈಮುಗಿದು ನಿಂತಿದ್ದರು. ನಾನು ಬಾಸಿಂಗ ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತಿದ್ದೆ. ಮಗಳು ಬೇಡ ಅಂದಳು ಎಂಬ ಮಾತು ಅಪ್ಪನ ಬಾಯಿಂದ ಬಂದರೆ ಬೀಗರನ್ನು ತೋಯಿಸಿದ ಸೊಸೆ ಎಂದು ನಾನು ಸಾಯುವತನಕ ಅನ್ನಿಸಿಕೊಳ್ಳುತ್ತೇನೆ, ಅದೂ ಕರೆದುಕೊಂಡು ಹೋದರೆ.

ಆಗ ಚಾಚಾ ಬಂದು ನಡುವೆ ನಿಂತರು. ಮೈಯೆಲ್ಲ ತೊಯ್ದಿತ್ತು, ಟೊಪ್ಪಿಗೆಯಿಂದ ನೀರು ಇಳಿಯುತ್ತಿತ್ತು.

"ಅವರನ್ನ ಏನೂ ಅನಬ್ಯಾಡ್ರಿ. ತಪ್ಪ ನಂದ. ತಾಡಪತ್ರಿ ಹಾಕು ಅಂತ ಮುಂಜಾನಿಂದ ಬಡಕೊಳ್ಳಾಕತ್ತಾರ. ನಾನ ತರೂದ ಮರತ ಬಂದೇನ್ರಿ."

ಸೋದರಮಾವ ಬಾಯಿಗೆ ಬಂದದ್ದೆಲ್ಲ ಅಂದರು. ಬಟ್ಟೆ ತುಳಿದರೆ ಮದುಮಗನನ್ನೂ ಬಿಡದ ಮನುಷ್ಯ ತಲೆ ತಗ್ಗಿಸಿ ಕೇಳುತ್ತ ನಿಂತರು. ಮುಂಜಾನೆ ಗೊಳ್ಳೆಂದಿದ್ದ ಹೆಂಗಸರೆಲ್ಲ ಅಲ್ಲೇ ಇದ್ದರು, ಒಬ್ಬರೂ ತುಟಿ ಬಿಚ್ಚಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು. ತಾಡಪತ್ರಿ ಎಂಟು ಹೆಜ್ಜೆ ಆಚೆ ಟೆಂಪೋದಲ್ಲಿತ್ತು. ಚಾಚಾ ಆ ಕಡೆ ಕಣ್ಣು ಕೂಡ ಹೊರಳಿಸಲಿಲ್ಲ. ಸಿಟ್ಟಿಗೆ ಇಳಿಯಲು ಒಂದು ಜಾಗ ಸಿಕ್ಕಿತು ನೋಡಿ, ಅದು ಇಳಿಯಿತು. ಹಿರಿಯರು ಸಮಾಧಾನ ಹೇಳಿದರು. ನಮ್ಮ ಪಡಸಾಲೆಯಲ್ಲಿ ಬೀಗರಿಗೆ ಮತ್ತೆ ಎಲೆ ಹಾಕಿದರು. ಸಂಜೆ ನನ್ನನ್ನೂ ಕರೆದುಕೊಂಡು ಹೊರಟರು. ಅಣ್ಣಿಗೇರಿಗೆ ಬಂದು ಇಳಿದರೆ ರಸ್ತೆಯಲ್ಲಿ ಮೊಣಕಾಲುದ್ದ ಧೂಳು ಏಳುತ್ತಿತ್ತು. ಇಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಟಿವಿ ಹೇಳಿದ್ದು ಇಲ್ಲಿ ಅಕ್ಷರಶಃ ನಿಜವಾಗಿತ್ತು.

ಮರುದಿನ ಅಪ್ಪ ಬಾಡಿಗೆಯ ಜೊತೆ ಒಂದಿಷ್ಟು ಹೆಚ್ಚಿಗೆ ಕೊಡಲು ಹೋದರಂತೆ. ಚಾಚಾಗೆ ಅವರ ಹಳೆಯ ಸಿಟ್ಟು ಬಂತಂತೆ. "ಹಂದರಕ್ಕ ಬಾಡಿಗಿ ಐತ್ರಿ ಅಣ್ಣಾರ. ಮಾತಿಗೂ ಬಾಡಿಗಿ ಕೊಡ್ತೀರೇನು?" ಎಂದು ಹೆಚ್ಚಿನದನ್ನು ವಾಪಸು ಕೊಟ್ಟು ಕಳಿಸಿದರಂತೆ.

ಗಂಡನ ಮನೆಯಲ್ಲಿ ಆ ಮಳೆ ಒಂದು ಕತೆಯಾಯಿತು. ಯಾರೇ ನೆಂಟರು ಬರಲಿ, ಆಲ್ಬಮ್ ಹೊರಗೆ ಬರುತ್ತಿತ್ತು. ಈ ಫೋಟೋ ತೆಗೆದರಲ್ಲ, ಇದಾದ ಮೇಲೇ ನೋಡಿ ನಮಗೆ ಜಳಕ ಮಾಡಿಸಿದ್ದು ಎಂದು ಶುರುವಾದರೆ, ಹಂದರ ಕಟ್ಟಲು ಬಂದು ತಾಡಪತ್ರಿ ಮರೆತ ಚಾಚಾನತನಕ ಹೋಗಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಚಹಾ ಕೊಡುತ್ತ ನಾನೂ ನಗುತ್ತಿದ್ದೆ. ಮೊದಮೊದಲು ಹೆದರಿ ನಕ್ಕೆ. ಆಮೇಲೆ ರೂಢಿಯಾಗಿ ನಕ್ಕೆ. ಒಂದೆರಡು ವರ್ಷ ಕಳೆದ ಮೇಲೆ, ನಮ್ಮವರು ಕತೆಯಲ್ಲಿ ಏನಾದರೂ ಬಿಟ್ಟರೆ ನಾನೇ ಸೇರಿಸಿ ಹೇಳುವಷ್ಟು ಮುಂದುವರಿದಿದ್ದೆ. ಇದನ್ನು ಬರೆಯುವಾಗ ಕೈ ಹಿಂದೆ ಸರಿಯುತ್ತದೆ, ಆದರೂ ಬರೆಯುತ್ತೇನೆ.

ಇಂಥ ಕತೆಗಳಿಗೆ ಬಸ್ಸಿನ ಚಾರ್ಜು ಬೇಕಾಗಿಲ್ಲ. ಸುತ್ತಲ ಹಳ್ಳಿಗಳಲ್ಲಿ ಅವರ ಹೆಸರು ತಾಡಪತ್ರಿ ಚಾಚಾ ಎಂದೇ ಆಯಿತು. ಮದುವೆಗೆ ಜನ ಕಲಘಟಗಿಯಿಂದ ಶಾಮಿಯಾನ ತರಿಸತೊಡಗಿದರು. ಚಾಚಾಗೆ ಉಳಿದದ್ದು ಸತ್ತವರ ಮನೆಯ ಮುಂದಿನ ನೆರಳು. ಅದಕ್ಕೆ ನೆರಿಗೆ ಬೇಕಾಗಿಲ್ಲ, ಗುಲಾಬಿಯೂ ಬೇಕಾಗಿಲ್ಲ. ಪಂಚಮಿಗೆ ತವರಿಗೆ ಹೋದಾಗ ಅವರು ದಾರಿಯಲ್ಲಿ ಸಿಗುತ್ತಿದ್ದರು. ಒಮ್ಮೆ, ಬೀಗರಿಗೆ ತಮ್ಮ ಮೇಲೆ ಇನ್ನೂ ಸಿಟ್ಟಿದೆಯೇ ಎಂದು ಕೇಳಿದರು. ಇಲ್ಲ ಚಾಚಾ, ಯಾವಾಗಲೋ ಮರೆತರು ಅಂದೆ. ಹಿಂದಿನ ವಾರವಷ್ಟೇ ಆ ಕತೆ ಹೇಳಿ ನಕ್ಕಿದ್ದೆವು.

ಒಂದು ಬೇಸಿಗೆ ಅವರು ಅಣ್ಣಿಗೇರಿಗೆ ಯಾರೋ ಸಂಬಂಧಿಕರ ಮನೆಗೆ ಬಂದವರು, ನಮ್ಮೂರ ಹುಡುಗಿಯನ್ನು ಮಾತಾಡಿಸಿ ಹೋಗೋಣವೆಂದು ಚೀಲದ ತುಂಬ ಆಪೂಸ ಮಾವಿನಹಣ್ಣು ಹೊತ್ತು ನಮ್ಮ ಬಾಗಿಲಿಗೆ ಬಂದರು. ನಾನು ಒಳಗೆ ಕರೆಯುವಷ್ಟರಲ್ಲಿ ನನ್ನ ಮೈದುನ ಗುರುತು ಹಿಡಿದ. "ಅಯ್ಯ, ತಾಡಪತ್ರಿ ಚಾಚಾ! ಇವತ್ತರ ತಂದೀರೇನ್ರಿ?" ಅಂದ. ಪಡಸಾಲೆಯಲ್ಲಿದ್ದವರೆಲ್ಲ ನಕ್ಕರು. ಚಾಚಾನೂ ನಕ್ಕರು. ನಗುತ್ತಲೇ ನನ್ನ ಕಡೆ ನೋಡಿದರು. ಬಹುಶಃ ಏನನ್ನೂ ಬಯಸಿ ನೋಡಿರಲಿಕ್ಕಿಲ್ಲ, ಪರಿಚಯದ ಮುಖ ಅಂತ ಅಷ್ಟೇ... ನಾನೂ ನಕ್ಕುಬಿಟ್ಟೆ.

ಅವರು ಚಹಾ ಕುಡಿದರು. ಅತ್ತೆ ಹಣ್ಣಿನ ವಾಸನೆ ನೋಡಿ ಚಲೋ ಇವೆ ಅಂದರು. ಹೊರಡುವಾಗ ನಾನು ಬಾಗಿಲತನಕ ಹೋದೆ. ಚಾಚಾ ಚಪ್ಪಲಿ ಮೆಟ್ಟಿ, ರೂಢಿಯಂತೆ ತಲೆಯೆತ್ತಿ ಆಕಾಶ ನೋಡಿದರು. ಇವತ್ತ ಮಳಿ ಬರ್ತದ ಅನ್ನುತ್ತಾರೆಂದು ಕಾದೆ. ಅವರು ಮಳೆಯ ಮಾತೆತ್ತಲಿಲ್ಲ. ಬರ್ತೇನಿ ಯವ್ವಾ ಎಂದಷ್ಟೇ ಹೇಳಿ ನಡೆದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಅವರು ತೀರಿಕೊಂಡದ್ದನ್ನು ಅಣ್ಣ ಫೋನಿನಲ್ಲಿ ಭತ್ತದ ಧಾರಣೆ, ಅಮ್ಮನ ಮೊಣಕಾಲು ನೋವಿನ ನಡುವೆ ಹೇಳಿದ. ಮಣ್ಣಿಗೆ ಬಂದ ಜನಕ್ಕೆ ನೆರಳು ಮಾಡಲು ಕಲಘಟಗಿಯಿಂದಲೇ ಶಾಮಿಯಾನ ತರಿಸಿದರಂತೆ.

ಕಳೆದ ವಾರ ಮಾಳಿಗೆಯ ಮೇಲೆ ತಾಡಪತ್ರಿಯ ಒಂದು ತುದಿ ನಾನು ಹಿಡಿದಿದ್ದೆ, ಇನ್ನೊಂದು ನಮ್ಮವರ ಕೈಯಲ್ಲಿತ್ತು. ಗಟ್ಟಿ ಹಿಡಿ, ಇಲ್ಲಾಂದರೆ ನಿಮ್ಮ ಚಾಚಾನ ಹಂದರದ ಗತಿಯೇ ಎಂದು ಅವರು ನಕ್ಕರು. ಅದೇ ಹಳೆಯ ನಗೆ. ಆ ವಾಸನೆ ಮೂಗಲ್ಲಿ ಇಲ್ಲದಿದ್ದರೆ ನಾನೂ ನಗುತ್ತಿದ್ದೆನೋ ಏನೋ.

"ಅವ್ರು ಮರತಿರ್ಲಿಲ್ರಿ" ಅಂದೆ. "ತಾಡಪತ್ರಿ ಗಾಡ್ಯಾಗ ಇತ್ತು. ಬ್ಯಾಡ ಅಂದಾಕಿ ನಾನು."

ನಮ್ಮವರು ಮೂಲೆಗೊಂದು ಕಲ್ಲು ಹೇರಿ, ಅದು ಅಲುಗಾಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡರು.

"ಗೊತ್ತೈತಿ" ಅಂದರು. "ನಮ್ಮ ಜೀಪ ಅದರ ಬಾಜೂಕ ನಿಂತಿತ್ತಲ್ಲ. ಮಡಚಿ ಹಗ್ಗಾ ಸುತ್ತಿ ಇಟ್ಟಿದ್ರು. ಜೀಪ ಹತ್ತೂಮುಂದ ಸೋದರಮಾವನೂ ನೋಡ್ಯಾನ, ಎಲ್ಲಾರೂ ನೋಡೇವಿ. ಮುದುಕ ಅಷ್ಟ ಮೈಮ್ಯಾಲೆ ಹಾಕ್ಕೊಂಡಾನ, ಇನ್ಯಾಕ ಕೆದಕೂದು ಅಂತ ಸುಮ್ಮನಾದ್ವಿ."

"ಗೊತ್ತಿದ್ದೂ ಇಷ್ಟ ವರ್ಷ ಅವರನ್ನ ಆಡಿಕೊಂಡ ಯಾಕ ನಕ್ರಿ?"

ಅವರು ನನ್ನನ್ನು ನೋಡಿದರು. ಚುಚ್ಚುವುದಕ್ಕೆ ಹೇಳಿದ್ದಲ್ಲ, ನಿಜವಾಗಿ ಯೋಚಿಸಿಯೇ ಹೇಳಿದರು.

"ನೀನೂ ನಗತಿದ್ದೆಲ್ಲ."

ಅವತ್ತು ಅಣ್ಣಿಗೇರಿಯಲ್ಲಿ ಮಳೆ ಬರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ತಾಡಪತ್ರಿಯ ಕೆಳಗೆ ಹೆಸರುಕಾಳು ಬೆವರತೊಡಗಿ, ಮತ್ತೆ ತೆಗೆದು ಹರವಿದೆವು. ಸಂಜೆ ಅಣ್ಣನ ಫೋನು ಬಂತು. ದೇವಿಕೊಪ್ಪದಲ್ಲಿ ಮುಂಜಾನೆಯಿಂದ ಹಿಡಿದ ಮಳೆ ಬಿಟ್ಟಿಲ್ಲವಂತೆ. ಚಾಚಾ ಇದ್ದಿದ್ದರೆ ನಾ ಹೇಳಿದ್ನೆಲ್ಲ ಎಂದು ಓಣಿಯ ತುಂಬ ಓಡಾಡುತ್ತಿದ್ದರು. ಅವರ ಬಾಗಿಲಿಗೆ ಹೋಗಿ ಹೇಳಬೇಕಾದ ಮಾತು ನನ್ನ ಹತ್ತಿರ ಈಗ ಸಿದ್ಧವಾಗಿದೆ. ಆ ಮನೆಗೆ ಬೀಗ ಹಾಕಿದೆ ಎಂದು ಅಣ್ಣ ಹೋದ ಸಲವೇ ಹೇಳಿದ್ದ.