ಜೀವ ಅಂಜಿದಾಗ ಉದುರಿದ ಕೂದಲು

ಗೋಕಾಕದ ವೈದ್ಯರ ಪಡಸಾಲೆಯಲ್ಲಿ ನಮ್ಮ ಅತ್ತೆ ನನ್ನ ತಲೆಯ ಮೇಲಿನ ಸೆರಗನ್ನು ಸರಕ್ಕನೆ ಎಳೆದರು. ತೆಳುವಾದ ಕೂದಲ ನಡುವೆ ನೆತ್ತಿಯ ಚರ್ಮ ಕಾಣುತ್ತಿತ್ತು.

"ನೋಡ್ರಿ, ಬಾಚಿದ್ರ ಹಿಡಿ ಹಿಡಿ ಬರ್ತಾವ. ಅಂಟುರೋಗ ಇದ್ರ ಈಕಿನ್ನ ಇವತ್ತ ಯಮಕನಮರಡಿಗಿ, ತವರಮನಿಗಿ ಕಳಸ್ತೇನಿ. ಕೂಸು ನಮ್ಮ ಹತ್ರ ಇರ್ಲಿ."

ಹೊರಗೆ ನಿಂತ ಎತ್ತಿನ ಚಕ್ಕಡಿಯಲ್ಲಿ ನನ್ನ ಬಟ್ಟೆಯ ಗಂಟು ಆಗಲೇ ಇತ್ತು. ನಲವತ್ತರ ದಶಕದ ಮಾತಿದು. ನನಗಾಗ ಇಪ್ಪತ್ತು ವರ್ಷ. ಮೂರು ವರ್ಷದ ಮಗಳು ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು.

ವೈದ್ಯರು ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಕೂದಲು ಸರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಅತ್ತೆಯ ಕಡೆ ತಿರುಗಿ, "ಮೂರು ನಾಕು ತಿಂಗಳ ಹಿಂದ ಮನ್ಯಾಗ ಏನಾಗಿತ್ರಿ?" ಎಂದು ಕೇಳಿದರು.

ಮಗುವಿಗೆ ವಿಷಮಜ್ವರ ಬಂದು ಉಳಿಯುವುದೇ ಅನುಮಾನವಾಗಿದ್ದನ್ನು, ಮೂರು ವಾರ ನಾನು ಸರಿಯಾಗಿ ಉಣ್ಣದೆ, ಮಲಗದೆ ಕುಳಿತಿದ್ದನ್ನು ಅತ್ತೆಯೇ ಹೇಳಿದರು.

"ಹಂಗಾದ್ರ ಇದು ಅಂಟುರೋಗ ಅಲ್ರಿ ಅಕ್ಕಾರ. ಜೀವ ಅಂಜಿದ್ರ ಕೂದಲಾ ಹಿಂಗ ಉದುರ್ತಾವ. ಇಲ್ಲಿ ನೋಡ್ರಿ, ಸಣ್ಣ ಸಣ್ಣವು ಹುಟ್ಟಾಕತ್ತಾವ."

ಚಕ್ಕಡಿ ತವರಿನ ದಾರಿ ಬಿಟ್ಟು, ಅತ್ತೆಯ ಮನೆಯಿದ್ದ ಕೊಣ್ಣೂರಿಗೇ ತಿರುಗಿತು.

ತಪ್ಪಾಯಿತು ಎಂದು ಅತ್ತೆ ಎಂದೂ ಹೇಳಲಿಲ್ಲ. ಆದರೆ ನನ್ನ ತಲೆ ಮುಟ್ಟಲು ಹಿಂಜರಿಯುತ್ತಿದ್ದವರು ಮರುದಿನದಿಂದ ತಾವೇ ಎಣ್ಣೆ ಹಚ್ಚತೊಡಗಿದರು. ಎರಡು ವರ್ಷದಲ್ಲಿ ಮತ್ತೆ ತುರುಬು ಕಟ್ಟುವಷ್ಟು ಕೂದಲು ಬಂತು. ನಾವಿಬ್ಬರೂ ಮನಸ್ಸು ಬಿಚ್ಚಿ ಮಾತಾಡುವುದನ್ನು ಕಲಿತದ್ದೂ ಆ ಎರಡು ವರ್ಷದಲ್ಲೇ.