ಇಗರ್ಜಿ ಹಾರ್ನು, ಫಾದ್ರು ಹೇಳದ ಹೆಸರು

2008ನೇ ಇಸವಿ, ವಿಧಾನಸಭೆ ಎಲೆಕ್ಷನ್ ಟೈಮು. ನಾನು ತೆಕ್ಕಟ್ಟೆಯ ಒಂದು ಮೈಕ್ ಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ. ವೈರು, ಹಾರ್ನು, ಆಂಪ್ಲಿಫಯರ್ ಬಿಟ್ಟರೆ ನಂಗೆ ಎಂತದೂ ಗೊತ್ತಿಲ್ಲ. ದೇವಸ್ಥಾನ, ಇಗರ್ಜಿ, ಪಾರ್ಟಿ ಎಲ್ಲ ಒಂದೇ. ಕರೆದಲ್ಲಿ ಹೋಪುದು, ಕಟ್ಟುದು, ಬಿಚ್ಚುದು.

ತ್ರಾಸಿ ಕಡೆ ಒಂದು ಸಣ್ಣ ಇಗರ್ಜಿ, ಅಂದ್ರೆ ಚರ್ಚು. ಅಲ್ಲಿಯ ಫಾದ್ರಿಗೆ ಎಪ್ಪತ್ತು ದಾಟಿತ್ತು. ಮೊದಲು ಪಾದ್ರಿ ಆಗುವವರಿಗೆ ಪಾಠ ಮಾಡಿದ ಜನ. ದೇವರ ಅಧಿಕಾರ ಎಲ್ಲಿವರೆಗೆ, ಸರ್ಕಾರದ್ದು ಎಲ್ಲಿವರೆಗೆ, ಅದೇ ಅವರ ಪಾಠ. ನಾನು ವೈರ್ ಎಳಿವಾಗ ಚಾ ತಕಂಡು ಬಂದು ಹತ್ರ ಕೂತು ನಂಗೂ ಶುರು ಮಾಡುವರು.

"ನಿನ್ನ ಒಳ್ಗೊಂದ್ ಕೋಣೆ ಇತ್ತ್ ಮಾರಾಯ. ಅದಕ್ಕೆ ಆತ್ಮಸಾಕ್ಷಿ ಅಂತ ಹೆಸ್ರು. ಅಲ್ಲಿ ನೀನು, ದೇವ್ರು, ಇಬ್ರೇ. ಪೋಪ್ ಬಂದ್ರೂ ಬಾಗ್ಲ ಹೊರ್ಗೆ."

"ಫ್ಯಾನ್ ಇತ್ತಾ ಫಾದ್ರೆ ಅಲ್ಲಿ?"

ಕೆಮ್ಮು ಬಪ್ಪಷ್ಟು ನಗಾಡುವರು.

ಆ ಊರಲ್ಲಿ ಕ್ರಿಶ್ಚನರ ಸ್ಮಶಾನಕ್ಕೆ ಹೋಪ ದಾರಿ ಮಳೆಗಾಲದಲ್ಲಿ ಮುಳುಗುತ್ತದೆ. ಇಗರ್ಜಿ ಕಮಿಟಿಯ ಲಾರೆನ್ಸಣ್ಣ ತನ್ನ ಅಮ್ಮನ ಪೆಟ್ಟಿಗೆ ಹೊತ್ತು ಸೊಂಟದವರೆಗಿನ ನೀರಲ್ಲಿ ನಡೆದವ. ಒಬ್ಬ ಅಭ್ಯರ್ಥಿಯ ಜನ ಬಂದು ಹೇಳಿದರು: ಫಾದ್ರು ಒಂದು ಸಲ ನಮ್ಮ ಹೆಸರು ಹೇಳಲಿ, ಗೆದ್ದ ಕೂಡಲೇ ದಾರಿ ಎತ್ತರ ಮಾಡ್ತೇವೆ. ಕಮಿಟಿ ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಸಭೆ ಹಾಲಲ್ಲಿ ಮೀಟಿಂಗ್ ಇಟ್ಟಿತು.

ಹಾಲಿನ ಒಳಗೆ ಎರಡು ಸ್ಪೀಕರ್ ಬಾಕ್ಸ್ ಸಾಕಿತ್ತು. ಹಬ್ಬಕ್ಕೆ ಕಟ್ಟಿದ ಎರಡು ಹಾರ್ನ್ ತೆಂಗಿನ ಮರದಲ್ಲೇ ಇತ್ತು, ಅದರ ವೈರ್ ನಾನು ಬಿಚ್ಚಿಟ್ಟಿದ್ದೆ. ಎಲೆಕ್ಷನ್ ಟೈಮಲ್ಲಿ ಹೊರಗೆ ಹಾರ್ನ್ ಹಾಕುಕೆ ಪೊಲೀಸರ ಪರ್ಮಿಶನ್ ಬೇಕು. ನಮ್ಮ ಹತ್ರ ಇರಲಿಲ್ಲ.

ಲಾರೆನ್ಸಣ್ಣ ಬಂದು ಕಿವಿಯಲ್ಲಿ ಹೇಳಿದ, "ಹ್ವಾಯ್, ಹೊರ್ಗಿನ ಹಾರ್ನೂ ಹಾಕ್. ಫಾದ್ರು ಹೆಸ್ರು ಹೇಳ್ತ್ರ್, ರಸ್ತೆ ಮೇಲಿದ್ದವ್ರಿಗೂ ಕೇಳ್ಲಿ."

ಸೆಟ್ ಕರೆಸಿದವ ಹೇಳಿದ ಮೇಲೆ ಮುಗೀತು. ನಮ್ಮ ಕೆಲಸದಲ್ಲಿ ಅದೇ ಅಭ್ಯಾಸ. ಫಾದ್ರ ಹತ್ರ ಕೇಳದೆ ವೈರ್ ಸಿಕ್ಕಿಸಿದೆ.

ಫಾದ್ರು ಎದ್ದು ನಿಂತರು. ಮನೆಯವರ ಹತ್ರ ಮಾತಾಡ್ದಾಂಗೆ ಹೇಳಿದರು. "ನಂಗ್ ಯಾರ್ ಬೇಕ್ ಅಂದೇಳಿ ನಂಗ್ ಗೊತ್ತಿತ್ತ್. ಆದ್ರೆ ನಿಮ್ಗೆ ಹೇಳುಕೆ ನಂಗೆ ಹಕ್ಕಿಲ್ಲ. ಓಟ್ ಹಾಕು ಮರೆಯಲ್ಲಿ ನೀವೊಬ್ರೇ ನಿಲ್ಬೇಕ್. ಲಾರೆನ್ಸ್, ನಿನ್ನ ಅಮ್ಮನ್ನ ಹೂತದ್ದ್ ನಾನೇ. ಆ ನೀರು ನಂಗೂ ನೆನ್ಪಿತ್ತ್. ದಾರಿ ಕೇಳುವ, ಜಗ್ಳ ಮಾಡಿ ಕೇಳುವ. ಇಡೀ ಊರಿನ ಓಟ್ ಕಟ್ಟಿ ಕೊಟ್ಟ್ ಕೇಳುದ್ ಬೇಡ. ಹಾಂಗೆ ಓಟ್ ಕೇಳ್ದವ್ರು ನಮ್ಮನ್ನ ಕುರಿ ಅಂದ್ಕಂಡಿರ್."

ಅದು ಹೈವೇವರೆಗೆ ಕೇಳಿತು. ಐದು ನಿಮಿಷದಲ್ಲಿ ಒಂದು ಜೀಪ್ ಬಂತು. ಅಭ್ಯರ್ಥಿಯ ಎಡಗೈ ಬಲಗೈ ಆಗಿದ್ದ ಒಬ್ಬ ದಪ್ಪ ಜನ ಹಾಲಿಗೇ ನುಗ್ಗಿದ.

"ಮೈಕ್ ಹಾಕಿ ನಮ್ಮ ಮರ್ಯಾದಿ ತೆಗಿತ್ರಿಯಾ ಫಾದ್ರೆ? ಪರ್ಮಿಶನ್ ಎಲ್ಲಿತ್ತ್? ನಿಮ್ಮ ಮೇಲೇ ಕಂಪ್ಲೇಂಟ್ ಕೊಡ್ತೆ."

ಫಾದ್ರಿಗೆ ಹಾರ್ನಿನ ವಿಷಯ ಆಗ ಗೊತ್ತಾದ್ದು. ನನ್ನ ಕಡೆ ಒಂದು ಸಲ ನೋಡಿದರು. ಬೈಯಲಿಲ್ಲ. "ಇಗರ್ಜಿ ನನ್ದ್. ಜವಾಬ್ದಾರಿಯೂ ನನ್ದೇ" ಅಂದರು. ಲಾರೆನ್ಸಣ್ಣ ನೆಲ ನೋಡ್ತಿದ್ದ.

ನಾನು ಸುಮ್ಮನೆ ಕೂತಿದ್ದರೆ ಅಂಗಡಿ ಸೆಟ್ ಉಳಿತಿತ್ತು, ಕೆಲಸ ಉಳಿತಿತ್ತು. ಆ ಮುದುಕರು ಸ್ಟೇಶನ್ ಮೆಟ್ಲು ಹತ್ತುದು ಕಣ್ಣಿಗೆ ಬಂತು. ಎದ್ದು ಹೇಳಿದೆ: "ಹಾರ್ನ್ ಹಾಕ್ದದ್ದ್ ನಾನ್. ಫಾದ್ರಿಗೆ ಗೊತ್ತೇ ಇಲ್ಲ."

"ಯಾರ್ ಹೇಳಿ ಹಾಕ್ದೆ?" ಆ ದಪ್ಪ ಜನ ಕೇಳಿದ.

"ಕೈ ನನ್ದ್."

ಸೆಟ್ಟನ್ನು ಪೊಲೀಸರು ತಕಂಡು ಹೋದರು, ನನ್ನನ್ನೂ ಸ್ಟೇಶನ್ನಿಗೆ ಕರಕಂಡು ಹೋದರು. ಧಣಿ ನನ್ನನ್ನು ಎರಡು ವಾರ ಅಂಗಡಿ ಮೆಟ್ಲು ಹತ್ತಿಸಲಿಲ್ಲ. ಸ್ಟೇಶನ್ನಿಗೆ ಫಾದ್ರು ಬಂದೇ ಬಂದರು, ನನ್ನ ಪಕ್ಕ ಬೆಂಚಲ್ಲಿ ಮಧ್ಯಾಹ್ನದವರೆಗೆ ಕೂತರು. ಲಾರೆನ್ಸಣ್ಣನ ಹೆಸರು ಇಬ್ಬರೂ ಎತ್ತಲಿಲ್ಲ. ಅವನೇ ಒಂದು ಗಂಟೆ ಹೊತ್ತಿಗೆ ಬಂದ. ಎಸ್‌ಐ ಎದುರು ನಿಂತು, "ಹಾಕುಕೆ ಹೇಳ್ದದ್ದ್ ನಾನ್ ಸಾರ್" ಅಂದ. 

ಹೊರಗೆ ಬಂದ ಮೇಲೆ ಫಾದ್ರ ಹತ್ರ ಕೇಳಿದೆ, "ನಾನ್ ಎದ್ದ್ ನಿಂತ್ ಒಪ್ಕಂಡೆ ಅಲ್ದಾ? ಹಾಂಗಾರೆ ತಪ್ಪ್ ಹೋಯ್ತಾ?"

"ಇಲ್ಲ. ಕೇಳದೆ ಹಾಕ್ದದ್ದ್ ತಪ್ಪೇ. ಒಪ್ಕಂಡದ್ದ್ ಒಳ್ಳೇದೇ. ಒಂದ್ರಿಂದ ಒಂದನ್ನ ಕಳೀಬೇಡ. ಈಗ ನಡಿ, ಊಟ ಮಾಡುವ, ಮೀನ್ ಗಸಿ ಇತ್ತ್."

ದಾರಿ ಆ ವರ್ಷ ಆಗಲಿಲ್ಲ. ಈಗಲೂ ನಾನು ಮೈಕ್ ಕೆಲಸವೇ ಮಾಡುದು. ಸೆಟ್ ಕರೆಸಿದವ ಎಷ್ಟು ದೊಡ್ಡ ಜನ ಆಗಲಿ, ಮಾತಾಡುವವರ ಹತ್ರ ಹೋಗಿ ಕೇಳ್ತೆ: "ನಿಮ್ಮ ಮಾತು ಎಲ್ಲಿವರೆಗೆ ಹೋಗ್ಬೇಕ್?" ಅವರು ಹೇಳಿದಷ್ಟೇ ವೈರ್ ಎಳೆಯುದು.