ಉಕ್ಕು ಆರುವ ತನಕ

ತೆಲುಗು ಸೀಮೆಯ ಉಪ್ಪಲ್‌ನ ರಸ್ತೆಯಲ್ಲಿ ಡಾಂಬರು ಚಪ್ಪಲಿಗೆ ಅಂಟುವಂಥ ಮೇ ತಿಂಗಳ ಮಧ್ಯಾಹ್ನದಲ್ಲಿ ನಾನು ಉಣ್ಣೆಯ ಸ್ವೆಟರು ಹಾಕಿಕೊಂಡು ಕೂತಿರುತ್ತೇನೆಂದರೆ ನೀವು ನಗುತ್ತೀರಿ. ಬೀದರಿನಲ್ಲಿರುವ ನನ್ನ ಅವ್ವನೂ ಫೋನಿನಲ್ಲಿ ಹಾಗೇ ನಗುತ್ತಾಳೆ. ಏನು ಮಾಡಲಿ, ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಅಳತೆ ನೋಡುವವಳು ನಾನು, ನನ್ನ ಗಾಜಿನ ಕೋಣೆಯಲ್ಲಿ ಸದಾ ಇಪ್ಪತ್ತು ಡಿಗ್ರಿಯೇ ಇರಬೇಕು. ಉಕ್ಕು ನೋಡಲಿಕ್ಕೆ ಮಹಾ ಗಟ್ಟಿ, ಸ್ವಭಾವ ಮಾತ್ರ ಬಲು ನಾಜೂಕು: ತುಸು ಕಾವು ತಾಗಿದರೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಆದ್ದರಿಂದ ಬಿಸಿಲ ನಾಡಿನಿಂದ ಬಂದ ನೆಂಟರಿಗೆ ಸುದ್ದಿ ಕೇಳುವ ಮೊದಲು ನೀರು ಕೊಟ್ಟು ಕೂರಿಸುವಂತೆ, ಒಳಗೆ ಬಂದ ಮಾಲನ್ನು ಗ್ರಾನೈಟ್ ಮೇಜಿನ ಮೇಲೆ ಕೆಲವು ಗಂಟೆ ಸುಮ್ಮನೆ ಇಟ್ಟು, ಆರಿದ ಮೇಲೆಯೇ ಅಳೆಯುವುದು ನಮ್ಮ ಪದ್ಧತಿ.

ಆ ಪದ್ಧತಿಯನ್ನು ಒಮ್ಮೆ ನಾನೇ ಮುರಿದೆ.

ಯಾದಗಿರಿಯ ಮಲ್ಲಪ್ಪಣ್ಣ ಇದೇ ನಗರದ ಕೊಂಡಾಪುರದ ಕಟ್ಟಡಗಳಲ್ಲಿ ವರ್ಷಗಟ್ಟಲೆ ಇಟ್ಟಿಗೆ ಹೊತ್ತು, ನಡು ಸೋತು ನಮ್ಮಲ್ಲಿಗೆ ಬಂದವನು. ಉಕ್ಕನ್ನು ಸಾಣೆ ಹಿಡಿಯುವ ಮಿಷನ್ನಿನ ಕೆಲಸವನ್ನು ಪಕ್ಕದಲ್ಲಿ ನಿಂತು ನೋಡಿ ನೋಡಿಯೇ ಕಲಿತಿದ್ದ. ಅವನು ಒಬ್ಬನೇ ಮಾಡುವ ಮೊದಲ ಶಾಫ್ಟು, ಅಂದರೆ ಯಂತ್ರದೊಳಗೆ ತಿರುಗುವ ಉಕ್ಕಿನ ದಂಡ, ಪಾಸಾದರೆ ಮಿಷನ್ನು ಅವನದು, ಇಲ್ಲದಿದ್ದರೆ ಮತ್ತೆ ಹೊರೆ ಹೊರುವ ಕೆಲಸ ಎಂದು ಸೂಪರ್‌ವೈಸರು ಖಡಕ್ಕಾಗಿ ಹೇಳಿದ್ದರು. ಅವನು ಶಾಫ್ಟು ತಂದ ದಿನ ಅದನ್ನು ಒಯ್ಯಲು ಗಾಡಿ ಬಂದು ನಿಂತಿತ್ತು. ಸೂಪರ್‌ವೈಸರು ನನ್ನ ಬೆನ್ನ ಹಿಂದೆಯೇ ನಿಂತು, “ಜರಾ ಜಲ್ದಿ ಚೂಡಮ್ಮಾ” ಎಂದು ಬೇಗ ನೋಡಲು ಅವಸರಿಸುತ್ತಿದ್ದರು. ನಾನು ಆರಲು ಬಿಡದೆ, ಕೈಗವಸು ತೊಟ್ಟ ಕೈಯಲ್ಲೇ ಅಳೆದುಬಿಟ್ಟೆ. ಇರಬೇಕಾದ್ದಕ್ಕಿಂತ ಕೂದಲೆಳೆಯ ಐದನೆಯ ಒಂದು ಪಾಲಿನಷ್ಟು ದಪ್ಪ ಬಂತು. ಕೆಂಪು ಚೀಟಿ ಕಟ್ಟಿ, ಅಷ್ಟನ್ನು ಸವೆಸಿಕೊಂಡು ಬಾ ಎಂದೆ. ಅವನು ಶಾಫ್ಟನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಹೊರಟ.

ಆ ಅವಚಿಕೊಳ್ಳುವಿಕೆಯನ್ನು ಕಂಡಾಗಲೇ, ತಂದದ್ದೂ ಹೀಗೆಯೇ ಇರಬೇಕೆಂದು ನನಗೆ ಹೊಳೆಯಿತು. ಕೈಗವಸು ಕಳಚಿ ಮೇಜಿನ ಮೇಲೆ ಶಾಫ್ಟು ಇದ್ದ ಜಾಗವನ್ನು ಮುಟ್ಟಿದೆ; ಕಲ್ಲು ಬೆಚ್ಚಗಿತ್ತು. ಈಗ ಸವೆಸಿದರೆ, ಆರಿದ ಮೇಲೆ ಅದು ತೆಳ್ಳಗಾಗಿ ಗುಜರಿಗೆ ಹೋಗುತ್ತದೆ, ಅದರ ಜೊತೆಗೆ ಅವನ ಮಿಷನ್ನೂ ಕೈತಪ್ಪುತ್ತದೆ. ಸ್ವೆಟರಿನಲ್ಲೇ ಉರಿಬಿಸಿಲಿನ ಅಂಗಳ ದಾಟಿ ಓಡಿದೆ. ಸಾಣೆಕಲ್ಲು ತಿರುಗತೊಡಗಿತ್ತು.

“ನಿಲ್ಲಸ್ರಿ ಮಲ್ಲಪ್ಪಣ್ಣ! ಮುಟ್ಟಬ್ಯಾಡ್ರಿ ಅದನ್ನ!”

ಅವನು ಬೆಪ್ಪಾಗಿ ನೋಡಿದ. “ಬಿದ್ದು ಗೀರು ಆದೀತಂತ ಕೂಸಿನ್ಹಂಗ ಎದಿಗೆ ಹಚ್ಚಿಕೊಂಡು ತಂದಿದ್ನಿರಿ, ಅಕ್ಕಾರ. ಅದೂ ತಪ್ಪಾತೇನ್ರಿ?”

ಅವನು ಮಾಡಿದ್ದು ಪ್ರೀತಿ. ಆ ಪ್ರೀತಿಯ ಕಾವನ್ನು ದೋಷವೆಂದು ಓದಿದ್ದು ನನ್ನ ಅವಸರ. ಶಾಲೆಯಿಂದ ಬೆವೆತು ಬಂದ ಮಗಳನ್ನು ಬಾಗಿಲಲ್ಲೇ ಅಂಕ ಕೇಳಿದ್ದು, ಆಫೀಸಿನ ಸಿಡಿಮಿಡಿ ಹೊತ್ತು ಬಂದ ಗಂಡನ ಮೊದಲ ಮಾತನ್ನೇ ಹಿಡಿದು ವಾರಗಟ್ಟಲೆ ಮುನಿದದ್ದು ಎಲ್ಲವೂ ಒಟ್ಟಿಗೆ ನೆನಪಾಗಿ ನಾಚಿಕೆಯಾಯಿತು.

ಶಾಫ್ಟು ಸಂಜೆಯವರೆಗೆ ಮೇಜಿನ ಮೇಲೆ ಮಲಗಿತ್ತು. ಗಾಡಿ ಖಾಲಿ ಹೋಯಿತು, ಸೂಪರ್‌ವೈಸರು ಗೊಣಗಿದರು. ಮಲ್ಲಪ್ಪಣ್ಣ ಊಟಕ್ಕೂ ಹೋಗದೆ ಗಾಜಿನಾಚೆ ನಿಂತೇ ಇದ್ದ. ಆರು ಗಂಟೆಗೆ ಅಳೆದೆ, ಸರಿಯಾಗಿತ್ತು. ಒಳಗೆ ಕರೆದು ತೋರಿಸಿದಾಗ ಅವನು ಅಂಕಿಯನ್ನು ನೋಡಲಿಲ್ಲ, ನನ್ನ ಮುಖವನ್ನು ನೋಡಿದ.

ನಮ್ಮ ರಿಜಿಸ್ಟರಿನಲ್ಲಿ ‘ತಪ್ಪು ಯಾರದು’ ಎಂಬ ಕಾಲಮ್ಮಿದೆ. ಇಷ್ಟು ವರ್ಷ ಅದರಲ್ಲಿ ಮಿಷನ್ನಿನವರ ಹೆಸರುಗಳನ್ನೇ ತುಂಬಿದ್ದೆ. ಅವತ್ತು ನನ್ನ ಹೆಸರು ಬರೆಯುತ್ತಿದ್ದಾಗ ಮಲ್ಲಪ್ಪಣ್ಣ ಗಾಬರಿಯಿಂದ ಪುಟದ ಮೇಲೆ ಕೈಯಿಟ್ಟ.

“ನಂದಽ ಬರೀರಿ, ಅಕ್ಕಾರ. ನನಗ ರೂಢಿ ಐತ್ರಿ.”